ಲೌಹಿನ ಮೇಲಿನ ಒಂದು ಚುಕ್ಕೆ

ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಪರದೇಶವೆಂದರೆ ಗಲ್ಫ್ ಎಂದೇ ಅರ್ಥ. ದುಬೈಯಲ್ಲೋ ದಮ್ಮಾಮಿನಲ್ಲೋ ಇಳಿದವರಿಗೆ ಊರಿನವರ ಆಸರೆ, ಊರಿನ ಮೀನುಸಾರು, ಊರಿನ ಮಾತು ಹೇಗೋ ಒದಗಿಬರುತ್ತವೆ. ಮೊರೊಕ್ಕೊ ಹಾಗಲ್ಲ. ಪತಿಯವರಿಗೆ ರಸಗೊಬ್ಬರ ಕಾರ್ಖಾನೆಯೊಂದರಲ್ಲಿ ಉದ್ಯೋಗ ದೊರೆತು ನಾವು ಅಲ್ ಜದೀದಾ ಪಟ್ಟಣಕ್ಕೆ ಬಂದಾಗ ಬೀದಿಯಲ್ಲಿ ಕನ್ನಡ ಬಲ್ಲ ಮನೆ ನಮ್ಮದೊಂದೇ ಆಗಿತ್ತು. ಕಾಸಾಬ್ಲಾಂಕಾದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಅಟ್ಲಾಂಟಿಕ್ ತೀರದಲ್ಲಿರುವ ಈ ಊರು 1769ರ ವರೆಗೆ ಪೋರ್ಚುಗೀಸರ ವಶದಲ್ಲಿತ್ತು. ಅವರ ಕೋಟೆಯ ಗೋಡೆ ಇಂದಿಗೂ ಕಡಲಿಗೆ ಮುಖ ಮಾಡಿ ನಿಂತಿದೆ. ಹೊನ್ನಾವರದಲ್ಲಿ ಹುಟ್ಟಿ ಬೆಳೆದ ನನಗೆ ಆ ಗೋಡೆ ಅಷ್ಟೇನೂ ಅಪರಿಚಿತವೆನಿಸಲಿಲ್ಲ.

ಅಪರಿಚಿತವೆನಿಸಿದ್ದು ಭಾಷೆ. ಕುರ್‌ಆನಿನ ಅರಬಿ ಬಲ್ಲವರಿಗೂ ಇಲ್ಲಿನ ಆಡುನುಡಿಯಾದ ದಾರಿಜಾ ಸುಲಭವಾಗಿ ಒಲಿಯದು. ಕುರ್‌ಆನಿನಲ್ಲಿ 'ಲಬನ್' ಎಂದರೆ ಹಾಲು. ಇಲ್ಲಿನ ಅಂಗಡಿಯಲ್ಲಿ ಅದೇ ಪದಕ್ಕೆ ಮಜ್ಜಿಗೆ ಸಿಗುತ್ತದೆ, ಹಾಲಿಗೆ 'ಹ್ಲೀಬ್' ಎನ್ನಬೇಕು. ಕಚೇರಿಯ ಕಾಗದಗಳಲ್ಲಿ ಬಹುಪಾಲು ಫ್ರೆಂಚ್. ವಾಸದ ಪರವಾನಗಿಗಾಗಿ ಅಲೆದದ್ದನ್ನು ವಿವರಿಸುವುದಿಲ್ಲ, ಅದು ಎಲ್ಲ ದೇಶಗಳಲ್ಲೂ ಒಂದೇ ಬಗೆಯದು. ಕುಚ್ಚಲಕ್ಕಿಯ ಆಸೆ ಬಿಟ್ಟರೆ ಅಡುಗೆಮನೆ ಬೇಗನೆ ಹೊಂದಿಕೊಂಡಿತು. ನಮ್ಮ ತಾರ್ಲೆಯ ಬಳಗದ ಮೀನು ಇಲ್ಲಿ ಹೇರಳ. ಜುಮುಆ ಮುಗಿದ ಮೇಲೆ ನೆರೆಮನೆಯಿಂದ ಕುಸ್ಕುಸ್‌ನ ದೊಡ್ಡ ತಟ್ಟೆಯೂ ಬರುತ್ತದೆ.

ಸಣ್ಣದೊಂದು ನೆರವು ಕೇಳುವಾಗಲೂ, ಪಡೆದಾಗಲೂ 'ಅಲ್ಲಾಹನು ನಿಮ್ಮ ಹೆತ್ತವರ ಮೇಲೆ ಕರುಣೆ ತೋರಲಿ' ಎನ್ನುವುದು ಇಲ್ಲಿನವರ ವಾಡಿಕೆ. ನಮ್ಮಲ್ಲಿ ಇಂತಹ ಮಾತು ಹೆಚ್ಚಾಗಿ ಕೇಳಿಬರುವುದು ಮರಣ ಹೊಂದಿದವರ ಬಗ್ಗೆ. ಊರಿನಲ್ಲಿ ಒಬ್ಬರೇ ಇರುವ 76ರ ಹರೆಯದ ತಂದೆಯವರನ್ನು ನೆನೆದು ಮೊದಲ ಸಲ ಎದೆ ಝಲ್ಲೆಂದಿತ್ತು. ಈಗ ದಿನಕ್ಕೆ ಹತ್ತು ಸಲ ಯಾರೋ ಅಪರಿಚಿತರು ಅವರಿಗಾಗಿ ಪ್ರಾರ್ಥಿಸುತ್ತಾರೆಂಬ ಸಮಾಧಾನವಿದೆ.

ನಾವು ಶಾಫಿಈಗಳು, ಇಲ್ಲಿನವರು ಮಾಲಿಕೀಗಳು. ನಮ್ಮೂರ ಇಮಾಮರು ಫಾತಿಹಾವನ್ನು ಬಿಸ್ಮಿಯೊಂದಿಗೆ ಗಟ್ಟಿಯಾಗಿ ಆರಂಭಿಸುತ್ತಾರೆ. ಇಲ್ಲಿನ ಇಮಾಮರು ನೇರವಾಗಿ ಹಮ್ದ್‌ಗೆ ಬರುತ್ತಾರೆ. ಕೈಗಳನ್ನು ಕಟ್ಟದೆ ಇಳಿಬಿಟ್ಟು ನಿಲ್ಲುವವರು ಸಫ್‌ನಲ್ಲಿ ಅನೇಕರಿರುತ್ತಾರೆ. ಸುಬ್ಹ್‌ನ ಕುನೂತ್ ಎರಡೂ ಮದ್‌ಹಬ್‌ಗಳಲ್ಲಿದೆ. ಆದರೆ ನಾವು ರುಕೂಅ್ ನಂತರ ಕೈಯೆತ್ತಿ ಬೇಡುವುದನ್ನು ಅವರು ರುಕೂಅ್‌ಗೆ ಮೊದಲೇ ಮೆಲುದನಿಯಲ್ಲಿ ಮುಗಿಸಿರುತ್ತಾರೆ. ಇವೆಲ್ಲ ಕೆಲವೇ ವಾರಗಳಲ್ಲಿ ರೂಢಿಯಾದವು. ನಮ್ಮನ್ನು ನಿಜಕ್ಕೂ ಕಾಡಿದ್ದು ಮಗಳ ಕುರ್‌ಆನ್ ಪಠಣ.

ಒಂಬತ್ತು ವರ್ಷದ ಅವಳು ಊರಿನಲ್ಲಿ ಅಜ್ಜನ ಬಳಿಯೇ ಐದು ಜುಝ್ಅ್ ಕಂಠಪಾಠ ಮಾಡಿದ್ದಳು. ನಾವು ಓದುವುದು ಕೂಫಾದ ಇಮಾಮ್ ಆಸಿಮ್‌ರಿಂದ ಹಫ್ಸ್‌ರು ವರದಿ ಮಾಡಿದ ಪಠಣ. ಮೊರೊಕ್ಕೊದವರದು ಮದೀನಾದ ಇಮಾಮ್ ನಾಫಿಅ್‌ರಿಂದ ಈಜಿಪ್ಟಿನ ವರ್ಶ್‌ರು ಪಡೆದ ಪಠಣ. ಫಾತಿಹಾದಲ್ಲಿ ನಾವು 'ಮಾಲಿಕ್' ಎಂದು ಎಳೆಯುವಲ್ಲಿ ಅವರು 'ಮಲಿಕ್' ಎನ್ನುತ್ತಾರೆ. ಒಂದರ ಅರ್ಥ ಒಡೆಯ, ಇನ್ನೊಂದರದು ಅರಸ. ನಮ್ಮ 'ಮುಅ್‌ಮಿನ್' ಅವರ ಬಾಯಲ್ಲಿ 'ಮೂಮಿನ್' ಆಗುತ್ತದೆ. ಬಡಾವಣೆಯ ಮ್ಸೀದ್‌ನಲ್ಲಿ, ಎಂದರೆ ಇಲ್ಲಿನ ಕುರ್‌ಆನ್ ಪಾಠಶಾಲೆಯಲ್ಲಿ, ಮಕ್ಕಳು ಮರದ ಹಲಗೆಗೆ ಜೇಡಿಮಣ್ಣು ಸವರಿ ಒಣಗಿಸಿ, ಲೇಖನಿಯಿಂದ ಆಯತ್ ಬರೆದು, ಬಾಯಿಪಾಠವಾದ ಮೇಲೆ ತೊಳೆಯುತ್ತಾರೆ. ಅದೇ ಲೌಹ್. ಮಗ್ರಿಬೀ ಲಿಪಿಯಲ್ಲಿ ಫಾ ಅಕ್ಷರಕ್ಕೆ ಚುಕ್ಕೆ ಕೆಳಗೆ. ಕಾಫ್‌ಗೆ ಮೇಲೆ ಒಂದೇ ಚುಕ್ಕೆ. ನಮ್ಮ ಕಣ್ಣಿಗೆ ಅವರ ಕಾಫ್ ಪ್ರತಿ ಸಲವೂ ಫಾ ಆಗಿ ಕಾಣುತ್ತದೆ.

ಎರಡು ತಿಂಗಳಾಗುವಷ್ಟರಲ್ಲಿ ಮಗಳು ಸೂರಃದ ನಡುವೆ ತಡವರಿಸತೊಡಗಿದಳು. ಅರ್ಧ ಹಫ್ಸ್, ಅರ್ಧ ವರ್ಶ್. ಮ್ಸೀದ್ ಬಿಡಿಸಿ ಆನ್‌ಲೈನ್‌ನಲ್ಲಿ ಊರಿನ ಉಸ್ತಾದರನ್ನು ಗೊತ್ತುಪಡಿಸೋಣವೆಂದು ಪತಿಯವರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಓರಗೆಯ ಹುಡುಗಿಯರ ಸಾಲಿನಲ್ಲಿ ಕೂರದ ಮಗು ಈ ಊರಿನಲ್ಲಿ ಎಂದಿಗೂ ಅತಿಥಿಯಾಗಿಯೇ ಉಳಿಯುತ್ತದೆ. ಮೊರೊಕ್ಕೊದ ತಂಜಾದಲ್ಲಿ ಹುಟ್ಟಿದ ಇಬ್ನು ಬತೂತಾ 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದರು. ಅಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದ್ದನ್ನೂ ಹೆಣ್ಣುಮಕ್ಕಳಿಗೆಂದೇ 13 ಪಾಠಶಾಲೆಗಳಿದ್ದುದನ್ನೂ ಅವರು ಬೆರಗಿನಿಂದ ದಾಖಲಿಸಿದ್ದಾರೆ. ಆ ಊರಿನ ಹುಡುಗಿ ಅವರ ನಾಡಿನಲ್ಲಿ ಕುರ್‌ಆನ್ ಪಾಠ ಬಿಡುವುದು ನನಗೆ ಸರಿಕಾಣಲಿಲ್ಲ.

ಮ್ಸೀದ್‌ನ ಉಸ್ತಾದಾ ವಯೋವೃದ್ಧೆ. ನನ್ನ ಮುರುಕು ಅರಬಿಯನ್ನು ತಾಳ್ಮೆಯಿಂದ ಕೇಳಿ, 'ಒಂದೇ ಪಠಣದಲ್ಲಿ ಎರಡನ್ನು ಬೆರೆಸಬಾರದು, ಅಷ್ಟೇ' ಎಂದರು. ಕಲಿತ ಐದು ಜುಝ್ಅ್ ಗಟ್ಟಿಯಾಗುವವರೆಗೆ ಲೌಹಿನಲ್ಲಿ ಚಿಕ್ಕ ಸೂರಃಗಳು ಮಾತ್ರ ಸಾಕೆಂದು ತೀರ್ಮಾನಿಸಿದರು.

ತಂದೆಯವರಿಗೆ ಹೇಳಲು ನನಗೆ ಅಳುಕಿತ್ತು. ಅವರು ಬಹಳ ಹೊತ್ತು ಸುಮ್ಮನಿದ್ದು, 'ಎರಡೂ ಪ್ರವಾದಿವರ್ಯರ(ಸ) ವರೆಗೆ ತಲುಪುವ ಸನದ್ ಇರುವವೇ, ಮಗಳೇ. ವರ್ಶ್‌ರ ಹೆಸರನ್ನು ಕಿತಾಬಿನಲ್ಲಿ ಓದಿದ್ದೆ, ಕಿವಿಯಾರೆ ಕೇಳಿರಲಿಲ್ಲ. ಹಳೆಯ ಪಾಠ ನನಗೆ ದಿನವೂ ಒಪ್ಪಿಸಲಿ' ಎಂದರು.

ಇಲ್ಲಿ ಅಸ್ರ್ ಆಗುವಾಗ ಅಲ್ಲಿ ಇಶಾ ಕಳೆದಿರುತ್ತದೆ. ಅವರು ನಿದ್ದೆ ತಡೆದು ಕಾಯುತ್ತಾರೆ. ಮೊನ್ನೆ ಪಾಠ ಮುಗಿದ ಮೇಲೆ ಲೌಹ್ ತೋರಿಸೆಂದರು. ಮಗಳು ಅದನ್ನು ಫೋನಿನೆದುರು ಹಿಡಿದಳು. ಕನ್ನಡಕ ಸರಿಪಡಿಸಿಕೊಂಡು ಮೆಲ್ಲನೆ ಓದತೊಡಗಿದ ಅವರನ್ನು ಮೊದಲ ಸಾಲಿನಲ್ಲೇ ಅವಳು ತಡೆದಳು:

'ಅಜ್ಜ, ಅದು ಫಾ ಅಲ್ಲ, ಕಾಫ್.'