ಮೂತಿ ಎತ್ತಿ ನಿಂತ ಕಾರು

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆಯ ಹಿಂದಿನ ಬೇವಿನ ಮರದ ಕೆಳಗೆ ಅಪ್ಪನ ಬಿಳಿ ಅಂಬಾಸಿಡರ್ ಹತ್ತು ವರ್ಷ ನಿಂತೇ ಇತ್ತು. 2010ರಲ್ಲಿ ನಿಂತದ್ದು 2020ರಲ್ಲಿ ಗುಜರಿಗೆ ಹೋಯಿತು. ಅಪ್ಪ ಅದಕ್ಕಿಂತ ಒಂದು ವರ್ಷ ಮೊದಲೇ ಹೋಗಿದ್ದ.

ಬಾಡಿಗೆ ಕಾರು ಅದು. ಮದುವೆ ದಿಬ್ಬಣ, ಮೈಲಾರದ ಜಾತ್ರೆ, ರಾತ್ರೋರಾತ್ರಿ ಹರಪನಹಳ್ಳಿಗೋ ಹಗರಿಬೊಮ್ಮನಹಳ್ಳಿಗೋ ಓಡಬೇಕಾದ ಬಸುರಿಯರು, ಎಲ್ಲಕ್ಕೂ ಅದೇ. ಟಂಟಂ, ಓಮ್ನಿಗಳು ಬಂದ ಮೇಲೆ ಕರೆಯುವವರು ಕಡಿಮೆಯಾದರು. ಉತ್ತರಪಾರಾದ ಕಾರ್ಖಾನೆಯೇ 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿತು. ನಮ್ಮದು ಅದಕ್ಕೂ ನಾಲ್ಕು ವರ್ಷ ಮುಂಚೆ ನಿಂತಿತ್ತು. ರಜೆಗೆ ಬಂದಾಗೆಲ್ಲ ನನಗೆ ಸಿಟ್ಟು. ಮಾರಬಾರದೇ, ಇಲ್ಲ ರಿಪೇರಿ ಮಾಡಿಸಬಾರದೇ? ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು, ಟಾಪಿನ ಮೇಲೆ ಆಡುಗಳು ಮಲಗುತ್ತಿದ್ದವು. ಅಪ್ಪನನ್ನು ಸೋಮಾರಿ ಅಂತ ಒಮ್ಮೆ ಮುಖದ ಮೇಲೆಯೇ ಅಂದೆ. ಅವನು ಬೀಡಿ ಹಚ್ಚಿಕೊಂಡು ಸುಮ್ಮನಾದ.

ಕಳೆದ ವರ್ಷ ಅದರ ಮಾದರಿ ಮಾಡಲು ಕೂತೆ. ಅಳತೆ ಒಂದಕ್ಕೆ ಇಪ್ಪತ್ನಾಲ್ಕು. ನಿಜದ ಕಾರು ನಾಲ್ಕೂಕಾಲು ಮೀಟರಿಗಿಂತ ಸ್ವಲ್ಪ ಉದ್ದ, ಮಾದರಿ ಹದಿನೆಂಟು ಸೆಂಟಿಮೀಟರ್. ಕೈಯಲ್ಲಿದ್ದದ್ದು 2018ರಲ್ಲಿ ಮೊಬೈಲಿನಲ್ಲಿ ತೆಗೆದ ಎರಡು ಫೋಟೋ. ಫೋಮ್ ಶೀಟು ಕತ್ತರಿಸಿ ಪದರ ಪದರವಾಗಿ ಅಂಟಿಸಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನಿಂದ ಬಂದ ಆ ಗುಂಡು ಗುಂಡು ಮೈ ಶೀಟಿಗೆ ಬಗ್ಗುವಂಥದ್ದಲ್ಲ. ಎಂ-ಸೀಲ್ ಮೆತ್ತಿ, ಒಣಗಿಸಿ, ಸ್ಯಾಂಡ್ ಪೇಪರ್ ಉಜ್ಜಿದೆ. ಮಡ್‌ಗಾರ್ಡಿಗೇ ಒಂದು ವಾರ ಹಿಡಿಯಿತು. ಬಾನೆಟ್ ತೆಗೆದು ಹಾಕುವಂತೆ ಮಾಡಿ ಒಳಗೆ ಕಟ್ಟಿಗೆ ಚೂರು, ತಂತಿಗಳಿಂದ ಇಂಜಿನ್ ಕೂರಿಸಿದೆ. ಅದರ ಬಗ್ಗೆ ನನಗೆ ಬಹಳ ಹೆಮ್ಮೆ.

ಹೊಸ ಕಾರು ಮಾಡುವುದು ಸುಲಭ, ಹಳೆಯದು ಮಾಡುವುದು ಕಷ್ಟ. ಮೊದಲು ತುಕ್ಕಿನ ಬಣ್ಣ ಬಳಿಯಬೇಕು. ಒಣಗಿದ ಮೇಲೆ ತುಸು ನೀರು ಹಚ್ಚಿ, ಬಣ್ಣ ಕಿತ್ತಂತೆ ಕಾಣಬೇಕಾದ ಕಡೆ ಉಪ್ಪು ಉದುರಿಸಬೇಕು. ಅದರ ಮೇಲೆ ಬಿಳಿ ಸ್ಪ್ರೇ. ಅದೂ ಒಣಗಿದ ಮೇಲೆ ಒದ್ದೆ ಬ್ರಷ್ಷಿನಿಂದ ಉಪ್ಪು ತಿಕ್ಕಿ ತೆಗೆದರೆ ಹರಳು ಕೂತಿದ್ದಲ್ಲಿ ಬಿಳಿ ಎದ್ದು ಬಂದು ಕೆಳಗಿನ ತುಕ್ಕು ಇಣುಕುತ್ತದೆ. ನಾನು ಆಸೆಬುರುಕ, ಮೈತುಂಬಾ ಉದುರಿಸಿಬಿಟ್ಟೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಬಗ್ಗಿ ನೋಡಿದಳು.

“ಇದೇನಲೇ, ಸಿಡುಬು ಎದ್ದಂಗ ಐತಿ. ಟಾಪಿಗೆ ಎಲ್ಲಿತ್ತು ತುಕ್ಕು? ಅಲ್ಲಿ ಬಿಸಿಲಿಗೆ ಬಣ್ಣ ಸುಣ್ಣದಂಗ ಆಗಿತ್ತು. ತುಕ್ಕು ಹಿಡಿದದ್ದು ಬಾಗಿಲ ಬುಡಕ್ಕ, ಅದೂ ದನದ ಬಾನಿ ಕಡೆ.”

ಹೌದಲ್ಲ. ನಮ್ಮದು ಮಳೆ ಕಡಿಮೆಯ ಸೀಮೆ, ಇಲ್ಲಿ ಕಬ್ಬಿಣ ಸುಮ್ಮನೆ ತುಕ್ಕು ಹಿಡಿಯುವುದಿಲ್ಲ. ನೀರು ನಿಲ್ಲುವ ಕಡೆ, ಮಣ್ಣು ಮೆತ್ತಿ ತೇವ ಹಿಡಿದಿಟ್ಟ ಕಡೆ ಹಿಡಿಯುತ್ತದೆ. ಚಕ್ರದ ಕಮಾನಿನೊಳಗೆ, ಬಾಗಿಲ ರಬ್ಬರಿನ ಕೆಳಗೆ, ಎಮ್ಮೆ ಬಾನಿಯಿಂದ ಮೂತಿ ಎತ್ತಿ ನೀರು ಕೊಡವುತ್ತಿದ್ದ ಎಡಗಡೆ. ಎಲ್ಲ ಕೆರೆದು ಮತ್ತೆ ಶುರು ಮಾಡಿದೆ. ಧೂಳಿಗೆ ಬಣ್ಣ ಬೇಡವೆಂದು ಕಾರು ನಿಂತಿದ್ದ ಜಾಗದ ಕೆಂಪು ಮಣ್ಣನ್ನೇ ಅವ್ವನ ಹಳೆ ಸೀರೆಯಲ್ಲಿ ವಸ್ತ್ರಗಾಳಿಸಿ ಹಚ್ಚಿದೆ.

ಆದರೂ ಫೋಟೋದ ಜೊತೆ ಹೋಲುತ್ತಿರಲಿಲ್ಲ. ಫೋಟೋದಲ್ಲಿ ಕಾರು ಮೂತಿ ಮೇಲೆತ್ತಿ ನಿಂತಿದೆ. ಆಡು ಹತ್ತಿ ಹತ್ತಿ ಹಿಂದೆ ಕುಸಿದಿರಬೇಕು ಅಂದುಕೊಂಡು ಹಿಂದಿನ ಚಕ್ರ ತಗ್ಗಿಸಿದೆ. ಆಗಲೂ ಸರಿಬರಲಿಲ್ಲ. ಅವ್ವನಿಗೆ ತೋರಿಸಿ, ಬಾನೆಟ್ ತೆಗೆದು ನನ್ನ ಇಂಜಿನ್ನನ್ನೂ ತೋರಿಸಿದೆ.

“ಅದರಾಗ ಇಂಜಿನ್ ಎಲ್ಲಿತ್ತಪ್ಪ?” ಅಂದಳು.

2012ರಲ್ಲಿ ಹಡಗಲಿ ಕಡೆಯವರು ಯಾರೋ ಬಂದು ಇಂಜಿನ್, ಗೇರ್‌ಬಾಕ್ಸ್ ಬಿಚ್ಚಿಕೊಂಡು ಹೋದರಂತೆ. ಬಾನೆಟ್ಟಿಗೆ ಅಪ್ಪ ತಂತಿ ಬಿಗಿದದ್ದು ಆಮೇಲೆ. ಹುಡುಗರು ತೆಗೆಯದಿರಲಿ ಅಂತ ಬಿಗಿದಿದ್ದಾನೆ ಅಂತಲೇ ನಾನು ತಿಳಿದಿದ್ದೆ.

“ನಿನ್ನ ಡಿಪ್ಲೊಮಾದ ಎರಡನೇ ವರ್ಷದ ಫೀಜು, ಹಾಸ್ಟೆಲಿನ ದುಡ್ಡು ಎಲ್ಲಿಂದ ಬಂತು ಅನ್ಕಂಡಿದ್ದಿ? ಹುಡುಗ್ಗ ಹೇಳಬ್ಯಾಡ, ಓದು ಬಿಟ್ಟು ಬರ್ತಾನ ಅಂದ.” ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು, ಅವಳು ಎದ್ದು ಹೋದಳು.

ಸೋಮಾರಿ ಅಂದದ್ದು 2013ರ ದಸರಾ ರಜೆಯಲ್ಲಿ. ಎಷ್ಟು ಲೆಕ್ಕ ಹಾಕಿದರೂ ಅದು 2012ರ ಹಿಂದಕ್ಕೆ ಹೋಗಲೊಲ್ಲದು.

ಇಂಜಿನ್ನಿನ ಭಾರ ಇಳಿದರೆ ಮುಂದಿನ ಸಸ್ಪೆನ್ಷನ್ ಮೇಲೇಳುತ್ತದೆ. ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನಿಗೆ ಇದು ಫೋಟೋ ನೋಡಿದ ಕೂಡಲೇ ಹೊಳೆಯಬೇಕಿತ್ತು. ಮರುದಿನ ಕಟ್ಟಿಗೆಯ ಇಂಜಿನ್ನನ್ನು ಚಿಮಟದಲ್ಲಿ ಕಿತ್ತು ಬೆಂಕಿಪೊಟ್ಟಣದಲ್ಲಿಟ್ಟೆ. ಬಾನೆಟ್ ಮುಚ್ಚಿ, ತಾಮ್ರದ ಎಳೆಯೊಂದನ್ನು ಎರಡು ಸುತ್ತು ಬಿಗಿದೆ. ಹಿಂದಿನ ಚಕ್ರಗಳನ್ನು ಮೊದಲಿನ ಮಟ್ಟಕ್ಕೆ ತಂದು, ಮುಂದಿನ ಆಕ್ಸಲ್ ಮತ್ತು ಚಾಸಿಯ ನಡುವೆ ಶೀಟಿನ ಚೂರು ಕೊಟ್ಟು ಮೂತಿಯನ್ನು ಎರಡು ಮಿಲಿಮೀಟರ್ ಎತ್ತರಿಸಿದೆ. ನಿಜದ ಕಾರಿನಲ್ಲಿ ಅದು ಹತ್ತಿರ ಹತ್ತಿರ ಎರಡು ಇಂಚು. ಫೋಟೋದ ಪಕ್ಕ ಇಟ್ಟು ನೋಡಿದೆ. ಈಗ ಹೋಲುತ್ತಿತ್ತು.