ಹಾಡುವವರ ಮುಖ, ಕೇಳುವವರ ಮುಖ



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊಸ ಕ್ಯಾಮೆರಾ ಕೊಂಡಿದ್ದಾನೆ. ಸಂಗೀತ ಕಛೇರಿಗಳ ಛಾಯಾಚಿತ್ರ ತೆಗೆಯುವ ಹಂಬಲ ಹುಟ್ಟಿದೆಯಂತೆ. ‘ಎಲ್ಲಿಂದ ಆರಂಭಿಸಲಿ, ಯಾವ ಲೆನ್ಸ್ ಕೊಳ್ಳಲಿ, ಸರ್?’ ಎಂದು ಕೇಳಿ ಬರೆದಿದ್ದಾನೆ. ಗಣಿತದ ಮಾಸ್ತರನನ್ನು ಇದನ್ನೇಕೆ ಕೇಳುತ್ತಾನೆಂದು ಹೊಸಬರಿಗೆ ಅನ್ನಿಸಬಹುದು. ನನ್ನ ಕೊರಳಲ್ಲಿ ಸದಾ ನೇತಾಡುತ್ತಿದ್ದ ಆ ಹಳೆಯ ಯಾಶಿಕಾವನ್ನು ಕಂಡವರಿಗೆ ಹಾಗೆನ್ನಿಸಲಾರದು. ಎರಡು ಸಾಲಿನಲ್ಲಿ ಉತ್ತರಿಸಲು ಕುಳಿತೆ; ಆಗಲಿಲ್ಲ. ಆದ್ದರಿಂದ ನಿಮ್ಮೆಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಕಲ್ಲಿನ ಮಾತು. ನಾನು ಸೇವೆ ಸಲ್ಲಿಸಿದ ಶಾಲೆ ಪಟ್ಟದಕಲ್ಲಿಗೆ ಹತ್ತಿರ. ಪ್ರತಿವರ್ಷವೂ ಮಕ್ಕಳನ್ನು ಕರೆದುಕೊಂಡು ವಿರೂಪಾಕ್ಷ ದೇವಾಲಯಕ್ಕೆ ಹೋಗುವುದು ರೂಢಿಯಾಗಿತ್ತು. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. 1987ರಲ್ಲಿ ಪಟ್ಟದಕಲ್ಲಿನ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹೊರಗಿನವರು ಬರುವುದು ಹೆಚ್ಚಾಯಿತು. ಆದರೆ ಗುಡಿಯಲ್ಲಿ ಪೂಜೆ ಇಂದಿಗೂ ನಡೆಯುತ್ತದೆ. ಅಲ್ಲಿನ ಹಳಗನ್ನಡ ಶಾಸನವೊಂದರಲ್ಲಿ ನನಗೆ ಬಲು ಪ್ರಿಯವಾದ ಸಂಗತಿಯಿದೆ. ವಿಜಯಾದಿತ್ಯನು ಗಾಯಕರಿಗೆ ಕೊಟ್ಟಿದ್ದ ಹಕ್ಕುಗಳನ್ನು ಲೋಕಮಹಾದೇವಿಯು ಮತ್ತೆ ಸ್ಥಿರಪಡಿಸಿದಳೆಂದು ಅದು ಹೇಳುತ್ತದೆ. ಆ ಗಾಯಕರನ್ನು ಶಾಸನವು ಗಾಂಧರ್ವರೆಂದು ಕರೆದಿದೆ. ಗುಡಿ ಕಟ್ಟಿದ ಶಿಲ್ಪಿಯನ್ನೂ, ಯುದ್ಧ ಗೆದ್ದ ಅರಸನನ್ನೂ ನೆನೆದ ಕಲ್ಲು, ಹಾಡುವವರ ಹೊಟ್ಟೆಪಾಡನ್ನೂ ಮರೆಯಲಿಲ್ಲ.

ಒಮ್ಮೆ ಇದನ್ನು ವಿವರಿಸುತ್ತಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಅವರು ನೋಡಾಕ ಹೆಂಗಿದ್ರು, ಸರ್?’ ಗೋಡೆಯ ಮೇಲೆ ವಾದ್ಯ ಹಿಡಿದವರ ಶಿಲ್ಪಗಳೇನೋ ಇವೆ. ಆದರೆ ಶಾಸನದ ಗಾಂಧರ್ವರ ಮುಖ ಯಾರಿಗೂ ತಿಳಿಯದು. ಹಕ್ಕು ಉಳಿಯಿತು, ಮುಖ ಉಳಿಯಲಿಲ್ಲ. ನಾನು ಕ್ಯಾಮೆರಾ ಹಿಡಿದದ್ದಕ್ಕೆ ಕಾರಣ ಕೇಳಿದರೆ ಆ ಹುಡುಗಿಯ ಪ್ರಶ್ನೆಯನ್ನೇ ಹೇಳಬೇಕು.

1984ರಲ್ಲಿ ಹುಬ್ಬಳ್ಳಿಯಲ್ಲಿ ಯಾಶಿಕಾ ಎಲೆಕ್ಟ್ರೋ 35 ಎಂಬ ಕ್ಯಾಮೆರಾವನ್ನು ಯಾರೋ ಬಳಸಿ ಬಿಟ್ಟದ್ದನ್ನು ಕೊಂಡೆ. ಅದರ ಲೆನ್ಸ್ 45 ಮಿಲಿಮೀಟರಿನದು, ಬಿಚ್ಚಿ ಬದಲಾಯಿಸುವಂತಿಲ್ಲ. ದೂರದಲ್ಲಿರುವುದನ್ನು ಹತ್ತಿರ ತರುವ ಶಕ್ತಿ ಅದಕ್ಕಿಲ್ಲ. ಹತ್ತಿರ ಬೇಕಾದರೆ ನಾವೇ ನಡೆದು ಹೋಗಬೇಕು. ಆದರೆ ಎರಡು ಗುಣಗಳು ನನ್ನ ಪಾಲಿಗೆ ವರವಾದವು. ಮೊದಲನೆಯದು, ಅದರ ಕಣ್ಣು 1.7ರವರೆಗೆ ತೆರೆಯುತ್ತಿತ್ತು, ಮಂದ ಬೆಳಕಿನಲ್ಲೂ ಕಾಣಬಲ್ಲ ಕಣ್ಣು. ಎರಡನೆಯದು, ಅದರ ಶಟರು ಲೆನ್ಸಿನೊಳಗೇ ಇದ್ದುದರಿಂದ ಸದ್ದು ಬಹಳ ಕಡಿಮೆ. ದೊಡ್ಡ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಕನ್ನಡಿ ಎದ್ದು ಬೀಳುವ ‘ಟಪ್’ ಎಂಬ ಸದ್ದು ಸಭೆಯ ಅರ್ಧದವರೆಗೆ ಕೇಳಿಸುತ್ತಿತ್ತು. ನನ್ನದು ನಾಲಗೆ ಲೊಚಗುಟ್ಟಿದಷ್ಟೇ.

ಮೊದಲ ಪಾಠಶಾಲೆ ಬಾದಾಮಿಯ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಯ ರಥೋತ್ಸವದಿಂದ ಆರಂಭವಾಗಿ ವಾರಗಟ್ಟಲೆ ನಡೆಯುವ ಆ ಜಾತ್ರೆಗೆ ನಾಟಕ ಕಂಪನಿಗಳು ಬಂದು ತಗಡಿನ ಥಿಯೇಟರು ಹಾಕುವುದು ನಿಮಗೆಲ್ಲ ಗೊತ್ತಿದ್ದದ್ದೇ. ಹಾಡಿಲ್ಲದ ಕಂಪನಿ ನಾಟಕವುಂಟೇ! ಕಛೇರಿಗಳಿಗೆ ಆಹ್ವಾನ ಬೇಕು, ಪರಿಚಯ ಬೇಕು. ಇಲ್ಲಿ ಟಿಕೆಟ್ಟು ಸಾಕು. ಒಂದು ರಾತ್ರಿ ತೆಗೆದದ್ದು ಕೆಟ್ಟರೆ ಮರುರಾತ್ರಿ ಅದೇ ನಾಟಕ, ಅದೇ ಹಾಡು, ಅದೇ ದೀಪ ಮತ್ತೆ ಬರುತ್ತವೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

400 ಎಎಸ್‌ಎ ವೇಗದ ಕಪ್ಪು-ಬಿಳುಪು ಫಿಲ್ಮು, ಒಂದು ರೋಲಿಗೆ 36 ಚಿತ್ರ. ರಂಗದ ಬೆಳಕಿನಲ್ಲಿ ಕಣ್ಣನ್ನು ಪೂರ್ತಿ ತೆರೆದರೂ ಶಟರಿಗೆ ಸೆಕೆಂಡಿನ ಮೂವತ್ತನೆಯ ಒಂದು ಭಾಗ ಬೇಕಾಗುತ್ತಿತ್ತು. ಅಷ್ಟರಲ್ಲಿ ನಟನ ಕೈ ಗಾಳಿಯಲ್ಲಿ ಬಿಳಿಯ ಹೊಗೆಯಾಗಿಬಿಡುತ್ತಿತ್ತು. ಫ್ಲ್ಯಾಶ್ ಹಚ್ಚಬಹುದಿತ್ತಲ್ಲ ಎನ್ನುತ್ತೀರಿ. ಹಾಡುತ್ತಿರುವವನ ಕಣ್ಣಿಗೆ ಮಿಂಚು ಹೊಡೆದರೆ ಅವನ ಧ್ಯಾನ ಕದಡುತ್ತದೆ. ಜೊತೆಗೆ ರಂಗದ ನೆರಳು-ಬೆಳಕೆಲ್ಲ ಸತ್ತು ಮುಖ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಆದ್ದರಿಂದ ಮೊದಲ ನಿಯಮ: ಫ್ಲ್ಯಾಶ್ ಬೇಡವೇ ಬೇಡ. ಎರಡನೆಯ ನಿಯಮವನ್ನು ಬಿಳಿಯ ರುಮಾಲು ಕಲಿಸಿತು. ನಮ್ಮ ಕಡೆಯ ಗಾಯಕರ ರುಮಾಲು, ಜುಬ್ಬಾ, ಧೋತರ ಎಲ್ಲವೂ ಬಿಳಿ. ಬೆಳಕನ್ನು ಅಳೆಯುವ ಯಂತ್ರ ಆ ಬಿಳುಪನ್ನು ನೋಡಿ ‘ಬೇಕಾದಷ್ಟು ಬೆಳಕಿದೆ’ ಎಂದು ತಿಳಿಯುತ್ತದೆ. ಮುಖ ಮಾತ್ರ ಕಪ್ಪಾಗುತ್ತದೆ. ಬಟ್ಟೆಗಲ್ಲ, ಕೆನ್ನೆಗೆ ಬೆಳಕನ್ನು ಅಳೆಯಬೇಕು. ಮೂರನೆಯದು, ಹಾಡುವವರು ಉಸಿರು ತೆಗೆದುಕೊಳ್ಳುವಾಗ ದೇಹ ಒಂದು ಕ್ಷಣ ನಿಲ್ಲುತ್ತದೆ. ಆ ನಿಲುಗಡೆಯಲ್ಲಿ ಒತ್ತಿದರೆ ಮೂವತ್ತನೆಯ ಒಂದು ಭಾಗವೂ ಸಾಕು. 36ರಲ್ಲಿ ನಾಲ್ಕು ಚಿತ್ರ ನಿಂತರೆ ಆ ರಾತ್ರಿ ಸಾರ್ಥಕ.

ಆ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ವೃದ್ಧರೊಬ್ಬರಿದ್ದರು. ಎಲ್ಲರೂ ಅವರನ್ನು ಪೇಟಿ ಮಾಸ್ತರು ಎನ್ನುತ್ತಿದ್ದರು. ಅವರದು ಕಾಲುಪೇಟಿ, ಕಾಲಿನಿಂದ ತಿದಿಯೊತ್ತುತ್ತ ಎರಡೂ ಕೈಗಳಿಂದ ನುಡಿಸುವ ವಾದ್ಯ. ರಂಗದ ಮುಂದೆ, ಪ್ರೇಕ್ಷಕರಿಗೆ ಬೆನ್ನು ಮಾಡಿ ಅವರು ಕೂಡುತ್ತಿದ್ದರು. ಜಾತ್ರೆಗೆ ಬಂದ ಸಾವಿರಾರು ಜನ ಅವರ ಪೇಟಿಯನ್ನು ಕೇಳಿದರು; ಕಂಡದ್ದು ಮಾತ್ರ ಬೆನ್ನನ್ನು. ಕಂಪನಿಯ ಮಾಲೀಕರ ಅನುಮತಿ ಪಡೆದು ನಾನು ಒಂದು ರಾತ್ರಿ ಪಕ್ಕದ ಪರದೆಯ ಮರೆಯಲ್ಲಿ ನಿಂತೆ. ಅಲ್ಲಿಂದ ಅವರ ಮುಖ ಮೊದಲ ಬಾರಿಗೆ ಕಂಡಿತು.

ಅವರು ಪೇಟಿಯನ್ನು ನೋಡುತ್ತಲೇ ಇರಲಿಲ್ಲ. ಮುಖವೆತ್ತಿ ನಟನ ತುಟಿಗಳನ್ನು ನೋಡುತ್ತಿದ್ದರು. ನಟ ಮಾತಿನಿಂದ ಹಾಡಿಗೆ ಯಾವ ಕ್ಷಣ ಹೊರಳುತ್ತಾನೆ, ಯಾವ ಸ್ವರದಲ್ಲಿ ಎತ್ತಿಕೊಳ್ಳುತ್ತಾನೆ ಎಂಬುದನ್ನು ತುಟಿ ಬಿಚ್ಚುವ ಮೊದಲೇ ತಿಳಿಯಬೇಕಲ್ಲ. ಕಣ್ಣು ಅಗಲವಾಗಿ, ಬಾಯಿ ಸ್ವಲ್ಪ ತೆರೆದು, ಹಸುಗೂಸು ತಾಯಿಯನ್ನು ನೋಡುವಂತೆ ನೋಡುತ್ತಿದ್ದ ಆ ಮುಖದ ಒಂದೇ ಒಂದು ಚಿತ್ರ ನನಗೆ ಸಿಕ್ಕಿತು. ಹಾಡುವವರ ಬಾಯಿಯನ್ನು ಹಿಂಬಾಲಿಸುತ್ತಿದ್ದ ನಾನು ಆ ರಾತ್ರಿಯಿಂದ ಕೇಳುವವರ ಮುಖವನ್ನು ಹುಡುಕತೊಡಗಿದೆ. ಸಂಗೀತವನ್ನು ಚಿತ್ರದಲ್ಲಿ ತೋರಿಸಲಾಗದು. ಅದು ಕಿವಿಯ ವಸ್ತು. ಅದು ಒಬ್ಬರಿಂದ ಇನ್ನೊಬ್ಬರಿಗೆ ಮುಟ್ಟಿದ್ದನ್ನು ಮಾತ್ರ ತೋರಿಸಬಹುದು.

ಶಾಸ್ತ್ರೀಯ ಸಂಗೀತಕ್ಕೆ ಬಂದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ಪಟ್ಟದಕಲ್ಲಿನಲ್ಲಿ ಉತ್ಸವ ನಡೆದ ವರ್ಷಗಳಲ್ಲಿ ಗುಡಿಗಳ ಹಿನ್ನೆಲೆಯಲ್ಲಿ ವೇದಿಕೆ ಕಟ್ಟಿ, ಶಿಖರಗಳಿಗೆ ದೀಪ ಹಾಯಿಸುತ್ತಿದ್ದರು. ಮಲಪ್ರಭೆಯ ಕಡೆಯಿಂದ ತಣ್ಣನೆಯ ಗಾಳಿ. ಕ್ಯಾಮೆರಾ ತಂದವರೆಲ್ಲ ಹಿಂದೆ ಹಿಂದೆ ಸರಿದು ಗುಡಿಯನ್ನೂ ಗಾಯಕರನ್ನೂ ಒಂದೇ ಚೌಕಟ್ಟಿನಲ್ಲಿ ತುಂಬಲು ನೋಡುತ್ತಿದ್ದರು. ಗುಡಿ ಸಾವಿರದ ಇನ್ನೂರು ವರ್ಷಗಳಿಂದ ನಿಂತಿದೆ, ನಾಳೆ ಬೆಳಿಗ್ಗೆಯೂ ಇರುತ್ತದೆ. ತಾನ್ಪುರದ ಹಿಂದೆ ಕುಳಿತ ಹುಡುಗಿಯ ಈ ಕ್ಷಣದ ಮುಖ ನಾಳೆ ಇರುವುದಿಲ್ಲ. ನಾನು ಮುಂದೆ ಹೋಗಿ ನೆಲದ ಮೇಲೆ ಕುಳಿತೆ.

ಇಲ್ಲಿ ನನ್ನ ಗಣಿತ ನೆರವಿಗೆ ಬಂತು. ವಿಲಂಬಿತ ಏಕತಾಲದಲ್ಲಿ 12 ಮಾತ್ರೆಗಳ ಒಂದು ಆವರ್ತನಕ್ಕೆ ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹಿಡಿಯುವುದುಂಟು. ಗಾಯಕರು ಎಲ್ಲೆಲ್ಲೋ ಅಲೆದು ಸಮ್‌ಗೆ ಬಂದು ಇಳಿಯುವಾಗ ತಬಲಾದವರು ತಲೆಯೆತ್ತುತ್ತಾರೆ, ಇಬ್ಬರ ಕಣ್ಣುಗಳೂ ಕೂಡುತ್ತವೆ, ಇಬ್ಬರೂ ನಗುತ್ತಾರೆ. ಒಂದು ಕ್ಷಣವಷ್ಟೆ, ಆಮೇಲೆ ಮತ್ತೆ ಪ್ರಯಾಣ. ತಾಳ ಎಣಿಸದವನಿಗೆ ಆ ನಗೆ ಕಂಡು ಬೆರಳು ಒತ್ತುವಷ್ಟರಲ್ಲಿ ಮುಗಿದಿರುತ್ತದೆ. ಎಣಿಸುವವನಿಗೆ ಅದು ಬರುವ ಹೊತ್ತು ಮೊದಲೇ ಗೊತ್ತು. ಹನ್ನೊಂದನೆಯ ಮಾತ್ರೆಗೆ ಕ್ಯಾಮೆರಾ ಎತ್ತಿದರೆ ಸಾಕು. ಇದರಲ್ಲಿ ಇನ್ನೊಂದು ಸೌಜನ್ಯವೂ ಅಡಗಿದೆ. ಸಮ್‌ನ ಪೆಟ್ಟಿನಲ್ಲಿ ಶಟರಿನ ಸದ್ದು ಮುಚ್ಚಿಹೋಗುತ್ತದೆ. ಆಲಾಪದ ಮೌನದಲ್ಲಿ ಒತ್ತಿದ ಸದ್ದನ್ನು ಮಾತ್ರ ಯಾವುದೂ ಮುಚ್ಚಲಾರದು.

ಪಾಶ್ಚಾತ್ಯ ದೇಶಗಳ ದೊಡ್ಡ ಸಂಗೀತ ಮೇಳಗಳಲ್ಲಿ ಛಾಯಾಗ್ರಾಹಕರಿಗೆ ‘ಮೊದಲ ಮೂರು ಹಾಡು ಮಾತ್ರ, ಫ್ಲ್ಯಾಶ್ ಇಲ್ಲ’ ಎಂಬ ರೂಢಿಯಿದೆ. ನಮ್ಮ ಕಛೇರಿಗೆ ಅದನ್ನು ಹಚ್ಚಿದರೆ ಮೂರು ಹಾಡಿಗೆ ಬೆಳಗೇ ಆಗಬಹುದು! ಆದರೆ ಮಿತಿ ಎಂಬುದು ಒಳ್ಳೆಯದು. ನಾನು ಬಡಾ ಖ್ಯಾಲಿನ ಅರ್ಧದವರೆಗೆ ಚಿತ್ರ ತೆಗೆದು, ದ್ರುತ್ ಆರಂಭವಾದಾಗ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಬಿಡುತ್ತಿದ್ದೆ. ಕಣ್ಣು ಚೌಕಟ್ಟಿಗೆ ಅಂಟಿಕೊಂಡಾಗ ಕಿವಿ ಅರ್ಧ ಮುಚ್ಚುತ್ತದೆ. ಇಡೀ ರಾತ್ರಿ ಚಿತ್ರ ತೆಗೆದವನಿಗೆ ಬೆಳಿಗ್ಗೆ ರಾಗ ನೆನಪಿರುವುದಿಲ್ಲ. ಈ ಬೆಲೆಯನ್ನು ಯಾವ ಅಂಗಡಿಯವನೂ ನಿಮಗೆ ಹೇಳುವುದಿಲ್ಲ. ದೊಡ್ಡವರ ಕೆಲಸ ನೋಡಬೇಕೆಂದರೆ ರಘು ರಾಯ್ ಅವರು ತೆಗೆದ ಹಿಂದುಸ್ತಾನಿ ಗಾಯಕರ ಚಿತ್ರಗಳನ್ನು ನೋಡಿ. ನಮ್ಮ ನೆಲದ ಭೀಮಸೇನ ಜೋಶಿಯವರೂ ಮಲ್ಲಿಕಾರ್ಜುನ ಮನ್ಸೂರರೂ ಅವುಗಳಲ್ಲಿದ್ದಾರೆ.

ಇಂದಿನ ಅನುಕೂಲಗಳು ಬೇರೆ, ತೊಡಕುಗಳೂ ಬೇರೆ. ಹೊಸ ಕ್ಯಾಮೆರಾಗಳು 3200 ಐಎಸ್‌ಓದಲ್ಲಿ ನಿರಾಯಾಸವಾಗಿ ಕಾಣುತ್ತವೆ. ಆದರೆ ವೇದಿಕೆಗಳಿಗೆ ಎಲ್‌ಇಡಿ ದೀಪಗಳು ಬಂದಿವೆ. ನೀಲಿ-ಕೆಂಪು ಬೆಳಕಿನಲ್ಲಿ ಮುಖದ ಏರಿಳಿತ ಅಳಿದುಹೋಗುತ್ತದೆ. ಅಂಥ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿರಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಆ ದೀಪಗಳಿಂದ ಅಡ್ಡಪಟ್ಟೆಗಳು ಮೂಡುವುದುಂಟು; ವೇಗವನ್ನು ಸೆಕೆಂಡಿನ ನೂರನೆಯ ಒಂದು ಭಾಗದ ಆಸುಪಾಸಿಗೆ ಇಳಿಸಿದರೆ ಅವು ಬಹುಮಟ್ಟಿಗೆ ಕಡಿಮೆಯಾಗುತ್ತವೆ. ಮೈಕು ಬಾಯಿಗೆ ಅಡ್ಡ ಬಂದರೆ ಎರಡು ಮೊಳ ಪಕ್ಕಕ್ಕೆ ಸರಿಯಿರಿ. ಮೊಬೈಲಿನಲ್ಲಿ ತೆಗೆಯುವವರು ಪರದೆಯ ಬೆಳಕನ್ನು ತಗ್ಗಿಸಿ, ಹಿಂದಿನವರ ಕಣ್ಣಿಗೆ ಅಡ್ಡವಾಗದಂತೆ ಎದೆಯ ಮಟ್ಟದಲ್ಲಿ ಹಿಡಿಯಿರಿ. ಲೆನ್ಸ್ ಯಾವುದು ಎಂದು ಕೇಳಿದ್ದೀಯಲ್ಲ, 50 ಮಿಲಿಮೀಟರಿನ 1.8 ಸಾಕು. ಕಡಿಮೆ ಬೆಲೆಯದು, ನಿನ್ನನ್ನು ಎಬ್ಬಿಸಿ ಹತ್ತಿರಕ್ಕೆ ನಡೆಸುತ್ತದೆ.

ಇನ್ನು ಪೇಟಿ ಮಾಸ್ತರರ ವಿಷಯ. ಕೆಲವು ವರ್ಷಗಳ ನಂತರ ಅವರ ಮನೆಯವರು ನನ್ನನ್ನು ಹುಡುಕಿಕೊಂಡು ಬಂದರು. ಮುದುಕಿ ಹೆಂಡತಿ, ಮಗ, ಸೊಸೆ. ಮಾಸ್ತರು ತೀರಿಕೊಂಡಿದ್ದರು. ಕಂಪನಿಯ ಗುಂಪುಚಿತ್ರಗಳಲ್ಲಿ ಅವರು ಎಲ್ಲೋ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿದ್ದರು. ಗೋಡೆಗೆ ಹಾಕಲು ಒಂದು ಭಾವಚಿತ್ರ ಬೇಕಿತ್ತು. ನಾನು ಆ ಚಿತ್ರವನ್ನು ದೊಡ್ಡದು ಮಾಡಿಸಿ ಕೊಟ್ಟೆ. ಮಗ ಅದನ್ನು ನೋಡಿ ಸಂಕೋಚದಿಂದ ಕೇಳಿದ: ‘ಸರ್, ಇದ್ರಾಗ ಅಪ್ಪ ನಮ್ಮ ಕಡೆ ನೋಡವಲ್ಲರು. ನೆಟ್ಟಗ ನೋಡೂದು ಒಂದೂ ಇಲ್ಲೇನ್ರಿ?’ ಇರಲಿಲ್ಲ.

ಮುದುಕಿ ಚಿತ್ರವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಗಾಜನ್ನು ಒರೆಸಿ, ‘ಇರಲಿ ಬಿಡೋ. ಜೀವ ಇದ್ದಾಗರೆ ನಮ್ಮ ಕಡೆ ಯಾವಾಗ ನೋಡಿದ್ರು? ವರ್ಷಕ್ಕ ಹತ್ತು ತಿಂಗಳು ಊರೂರು. ಯಾರ್ನ ಹಿಂಗ ನೋಡ್ತಿದ್ರು ಅಂತ ಇವತ್ತ ಗೊತ್ತಾತು’ ಎಂದಳು. ಅದರಲ್ಲಿ ದೂರು ಎಷ್ಟಿತ್ತು, ಸಮಾಧಾನ ಎಷ್ಟಿತ್ತು ಎಂಬುದನ್ನು ನಾನು ಅಳೆಯಲಾರೆ. ಚಿತ್ರವನ್ನಂತೂ ಎದೆಗವಚಿಕೊಂಡೇ ಬಸ್ಸು ಹತ್ತಿದಳು. ಛಾಯಾಚಿತ್ರಕ್ಕೆ ಈ ಶಕ್ತಿಯೂ ಇದೆಯೆಂದು ಅಂದು ತಿಳಿಯಿತು. ಮೆಚ್ಚಿಸುವುದಕ್ಕಾಗಿ ತೆಗೆದ ಚಿತ್ರ ಮನೆಯವರನ್ನು ನೋಡಿ ನಗುತ್ತದೆ. ನಿಜವಾದ ಚಿತ್ರ ಕೆಲವೊಮ್ಮೆ ಅವರಿಗೆ ಬೆನ್ನು ಮಾಡಿ ಎಲ್ಲೋ ನೋಡುತ್ತಿರುತ್ತದೆ. ಎರಡನ್ನೂ ಕೊಡುವುದು ನಮ್ಮ ಕರ್ತವ್ಯ. ಆದ್ದರಿಂದ ಅಂದಿನಿಂದ ಕಛೇರಿ ಮುಗಿದ ಮೇಲೆ ಪಕ್ಕವಾದ್ಯದವರನ್ನು ನಿಲ್ಲಿಸಿ ನೆಟ್ಟಗೆ ನೋಡುವ ಒಂದು ಚಿತ್ರವನ್ನೂ ತೆಗೆದು, ಪ್ರತಿಯನ್ನು ಅವರ ಮನೆಯ ವಿಳಾಸಕ್ಕೆ ಕಳಿಸುತ್ತ ಬಂದೆ.

ಮಗೂ, ಬೆಂಗಳೂರಿನ ದೊಡ್ಡ ಸಭಾಂಗಣಗಳಿಂದ ಆರಂಭಿಸಬೇಡ. ಶ್ರಾವಣದಲ್ಲಿ ಊರಿಗೆ ಬಾ. ಗುಡಿಯ ಭಜನೆಯಲ್ಲಿ ಒಂದು ವಾರ ಬರಿಗೈಯಲ್ಲಿ ಕೂಡು, ಎರಡನೆಯ ವಾರ ಕ್ಯಾಮೆರಾ ತೆಗೆ. ಹಾಡುವವರ ಕಡೆ ಎಲ್ಲರೂ ನೋಡುತ್ತಿರುತ್ತಾರೆ. ತಾಳ ಹಾಕುವವನನ್ನೂ, ಪೇಟಿಯವನನ್ನೂ, ಕಂಬಕ್ಕೊರಗಿ ಕಣ್ಣು ಮುಚ್ಚಿದ ಮುದುಕನನ್ನೂ ನೀನು ನೋಡು. ಮುದ್ರಿಸಿದ ಪ್ರತಿಯ ಹಿಂದೆ ಹೆಸರು, ಊರು, ತಾರೀಖು, ವಾದ್ಯ ಇಷ್ಟನ್ನು ಪೆನ್ಸಿಲ್ಲಿನಲ್ಲಿ ಬರೆದಿಡು. ಮುಂದೆ ಯಾವ ಮಗುವಾದರೂ ‘ಅವರು ನೋಡಾಕ ಹೆಂಗಿದ್ರು?’ ಎಂದು ಕೇಳಿದಾಗ ತೋರಿಸಲು ಒಂದು ಕಾಗದವಾದರೂ ಇರಲಿ.