ಶಬ್ದವನ್ನು ಕಲಿಯಹೋದ ಮಗ

ದ್ವಿತೀಯ ಪಿಯುಸಿಯ ಫಲಿತಾಂಶ ಬಂದ ದಿನ, ಮಗ್‌ರಿಬ್ ನಮಾಝಿನ ನಂತರ ಮಗನು ನಮ್ಮಿಬ್ಬರನ್ನೂ ಕೂರಿಸಿ ತನ್ನ ಇಚ್ಛೆಯನ್ನು ತಿಳಿಸಿದನು. ಭೌತಶಾಸ್ತ್ರದಲ್ಲಿಯೂ ಗಣಿತದಲ್ಲಿಯೂ ಅವನಿಗೆ ಒಳ್ಳೆಯ ಅಂಕಗಳು ಬಂದಿದ್ದವು. ಇಂಜಿನಿಯರಿಂಗ್ ಸೀಟಿನ ಮಾತೆತ್ತುವನೆಂದು ನಾವು ಕಾದಿದ್ದೆವು. ಅವನು ಹೇಳಿದ್ದು, "ನನಗೆ ಮ್ಯೂಸಿಕ್ ಟೆಕ್ನಾಲಜಿ ಕಲಿಯಬೇಕು" ಎಂದು. ನಮ್ಮಲ್ಲೊಬ್ಬರು ಅತ್ತರು, ಇನ್ನೊಬ್ಬರು ಎರಡು ದಿನ ಅವನೊಂದಿಗೆ ಮಾತನಾಡಲಿಲ್ಲ. ಓದುಗರು ತಪ್ಪಾಗಿ ಊಹಿಸುವ ಸಾಧ್ಯತೆಯಿರುವುದರಿಂದ ಹೇಳಿಬಿಡುತ್ತೇವೆ: ಅತ್ತದ್ದು ತಂದೆ.

ನಾವು ಮಂಗಳೂರಿನ ದಕ್ಷಿಣಕ್ಕಿರುವ ಒಂದು ಹಳ್ಳಿಯ ಬ್ಯಾರಿ ಕುಟುಂಬದವರು, ಶಾಫಿಈ ಮದ್‌ಹಬ್‌ನ ಅನುಯಾಯಿಗಳು. ನಮ್ಮ ಮನೆಗೆ ಪರಿಚಯವಿದ್ದ ನಾದವೆಂದರೆ ಮದುವೆಮನೆಯ ದಫ್, ಬುರ್ದಾ ಆಲಾಪನೆ ಮತ್ತು ಒಂದು ಹಳೆಯ ಟೂ-ಇನ್-ಒನ್. ಆ ಟೂ-ಇನ್-ಒನ್ ಗಲ್ಫ್‌ನಿಂದ ಬಂದದ್ದು. ಅದರ ಜೊತೆಗೆ ಮಗನ ಅಜ್ಜ ಕಾಗದದ ಬದಲಿಗೆ ತಮ್ಮ ಮಾತನ್ನೇ ಮುದ್ರಿಸಿ ಕಳುಹಿಸುತ್ತಿದ್ದ ಕ್ಯಾಸೆಟ್‌ಗಳೂ ಇದ್ದವು. ಎಂಬತ್ತರ ದಶಕದಲ್ಲಿ ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಗಂಡಂದಿರು, ಮಕ್ಕಳು ಬರುತ್ತಿದ್ದುದು ಹೀಗೆ, ಧ್ವನಿಯಾಗಿ ಮಾತ್ರ.

ಮಗನಿಗೆ ಹನ್ನೊಂದು ವರ್ಷವಾಗಿದ್ದಾಗ ಕೆಟ್ಟುಹೋಗಿದ್ದ ಆ ಯಂತ್ರವನ್ನು ಬಿಚ್ಚಿ, ಸಡಿಲಗೊಂಡಿದ್ದ ಬೆಲ್ಟ್ ಬದಲಾಯಿಸಿ, ಅಜ್ಜನ ಒಂದು ಕ್ಯಾಸೆಟ್ ಹಾಕಿದನು. ಎಲ್ಲರೂ ಸುತ್ತ ಕುಳಿತು ಕೇಳಿದೆವು. ನಾವು ಕೇಳಿದ್ದು ಮಾತುಗಳನ್ನು: ಆರೋಗ್ಯ, ಹಣ, ಬಾವಿಯ ದುರಸ್ತಿ, ಮಕ್ಕಳ ಮದ್ರಸ. ಅವನು ಮಾತ್ರ ಬೇರೇನನ್ನೋ ಕೇಳಿದ್ದನು. "ಅಜ್ಜ ದೊಡ್ಡದೊಂದು ಖಾಲಿ ಹಾಲ್‌ನಲ್ಲಿ ಕೂತು ಮಾತಾಡಿದ್ದಾರೆ ಉಮ್ಮಾ. ಗೋಡೆಗೆ ಬಟ್ಟೆಯಿಲ್ಲ, ನೆಲಕ್ಕೆ ಚಾಪೆಯಿಲ್ಲ" ಎಂದನು. ಹೇಗೆ ತಿಳಿಯಿತೆಂದರೆ, "ಮಾತು ನಿಂತ ಮೇಲೂ ಧ್ವನಿ ನಿಲ್ಲುವುದಿಲ್ಲವಲ್ಲ" ಎಂದನು. ಅಜ್ಜಿ ತಲೆಯೆತ್ತಿ ಅವನನ್ನು ನೋಡಿದರು. ತಮಗೆ ಒಳ್ಳೆಯ ಕೋಣೆ ಕೊಟ್ಟಿದ್ದಾರೆಂದು ಅಜ್ಜ ಅದೇ ಕ್ಯಾಸೆಟ್‌ನಲ್ಲಿ ಹೇಳಿದ್ದರು.

ಹೀಗಾಗಿ ಅವನ ಆಸೆಯು ಎಲ್ಲಿಂದಲೋ ಗಾಳಿಯಲ್ಲಿ ತೇಲಿಬಂದದ್ದೆಂದು ಹೇಳುವ ಹಕ್ಕು ನಮಗಿರಲಿಲ್ಲ. ಆದರೂ ಸಂಗೀತವೆಂಬ ಪದ ನಮ್ಮ ಎದೆಯ ಮೇಲೆ ಕಲ್ಲಿನಂತೆ ಕುಳಿತಿತು. ಮೊಹಲ್ಲಾದಲ್ಲಿ ಏನೆಂದು ಹೇಳುವುದು? ಅದಕ್ಕಿಂತ ಮುಖ್ಯವಾಗಿ, ನಾಳೆ ಅಲ್ಲಾಹನ ಮುಂದೆ ಏನೆಂದು ಹೇಳುವುದು?

ನಾವು ಉಸ್ತಾದರ ಬಳಿಗೆ ಹೋದೆವು. ಮಗನಿಗೆ ಅಲಿಫ್ ಬಾ ಕಲಿಸಿದವರು ಅವರೇ. ಅವರು ವಿಷಯವನ್ನು ಹಗುರಗೊಳಿಸಲೂ ಇಲ್ಲ, ನಮ್ಮನ್ನು ಹೆದರಿಸಲೂ ಇಲ್ಲ. ನಾಲ್ಕು ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ತಂತಿ ವಾದ್ಯಗಳನ್ನೂ ಕೊಳಲಿನಂತಹ ವಾದ್ಯಗಳನ್ನೂ ನಿಷಿದ್ಧವೆಂದಿದ್ದಾರೆ, ಅದಕ್ಕೆ ಬುಖಾರಿಯ ಹದೀಸನ್ನು ಆಧಾರವಾಗಿ ತೋರಿಸುತ್ತಾರೆ ಎಂದರು. ಅಂದಲೂಸಿಯದ ಇಬ್ನ್ ಹಝ್ಮ್ ಆ ಆಧಾರವನ್ನು ಒಪ್ಪಲಿಲ್ಲವೆಂದೂ, ಇಮಾಮ್ ಗಝ್ಝಾಲಿಯವರು ಇಹ್ಯಾದಲ್ಲಿ ಆಲಿಸುವುದರ ಕುರಿತೇ ಒಂದು ದೀರ್ಘ ಅಧ್ಯಾಯವನ್ನು ಬರೆದು, ಕೇಳುವವನ ಸ್ಥಿತಿ, ಹಾಡಿನ ವಿಷಯ, ಸಂದರ್ಭ ಎಲ್ಲವನ್ನೂ ತೂಗಿ ನೋಡಿದ್ದಾರೆಂದೂ ಹೇಳಿದರು. ಈದ್‌ನ ದಿನ ಆಯಿಶಾ(ರ)ರವರ ಮನೆಯಲ್ಲಿ ದಫ್ ಬಾರಿಸಿ ಹಾಡಿದ ಹುಡುಗಿಯರನ್ನು ಪ್ರವಾದಿವರ್ಯರು(ಸ) ತಡೆಯಲಿಲ್ಲವೆಂಬುದನ್ನೂ ನೆನಪಿಸಿದರು. ಕೊನೆಗೆ, "ಅವನು ಅಲ್ಲಿ ಏನನ್ನು ಕಲಿಯುತ್ತಾನೆ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. "ಹಾಗಾದರೆ ಅದನ್ನು ತಿಳಿದುಕೊಂಡು ಬನ್ನಿ. ಗೊತ್ತಿಲ್ಲದ ವಸ್ತುವಿನ ಮೇಲೆ ನಾನು ಹೇಗೆ ಅಭಿಪ್ರಾಯ ಹೇಳಲಿ?" ಎಂದರು.

ಮದುವೆಯಾಗಿ ಇಪ್ಪತ್ತೆರಡು ವರ್ಷಗಳ ನಂತರ ನಾವಿಬ್ಬರೂ ಒಂದೇ ಮೇಜಿನ ಮುಂದೆ ಕುಳಿತು ಪಠ್ಯಕ್ರಮ ಓದಿದ್ದು ಅದೇ ಮೊದಲು.

ಮೊದಲ ವರ್ಷದ ಪಟ್ಟಿಯಲ್ಲಿ ನಾವು ಹೆದರಿದ್ದ ವಸ್ತು ಹೆಚ್ಚೇನೂ ಇರಲಿಲ್ಲ. ಶಬ್ದದ ಭೌತಶಾಸ್ತ್ರ, ಕಿವಿ ಮತ್ತು ಮಿದುಳು ಶಬ್ದವನ್ನು ಗ್ರಹಿಸುವ ಬಗೆ, ವಿದ್ಯುನ್ಮಾನ, ಮೈಕ್ರೋಫೋನುಗಳ ರಚನೆ, ಡಿಜಿಟಲ್ ಮುದ್ರಣದ ಗಣಿತ ಇವೇ ಇದ್ದವು. ಸಿ.ಡಿ.ಯೊಂದರಲ್ಲಿ ಪ್ರತಿ ಸೆಕೆಂಡಿಗೆ 44,100 ಬಾರಿ ಶಬ್ದದ ಅಳತೆ ದಾಖಲಾಗುತ್ತದೆ ಎಂಬುದು ನಮಗೆ ತಿಳಿದದ್ದು ಆಗಲೇ. ಮನುಷ್ಯನ ಕಿವಿಗೆ ಕೇಳುವ ಅತಿ ಎತ್ತರದ ಸ್ವರ ಸೆಕೆಂಡಿಗೆ ಸುಮಾರು 20,000 ಕಂಪನಗಳದ್ದು. ಅದನ್ನು ನಷ್ಟವಿಲ್ಲದೆ ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆಯಬೇಕಂತೆ. ಮಗನು ಇದನ್ನು ವಿವರಿಸುವಾಗ ಅವನ ಮುಖದಲ್ಲಿದ್ದ ಬೆಳಕನ್ನು ನಾವು ಸಿಇಟಿ ತರಬೇತಿಯ ಎರಡು ವರ್ಷಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಎರಡನೆಯ ವರ್ಷದ ಪಟ್ಟಿಯಲ್ಲಿ ಹಾಡುಗಳ ಧ್ವನಿಮುದ್ರಣ ಮತ್ತು ಸಂಯೋಜನೆ ಇದ್ದವು. ಅದನ್ನೂ ಉಸ್ತಾದರಿಗೆ ಮರೆಮಾಚದೆ ತೋರಿಸಿದೆವು.

ಎಲ್ಲಿ ಕಲಿಯುವುದೆಂಬ ಪ್ರಶ್ನೆಗೆ ನಾವು ಬಹಳ ಅಲೆದೆವು. ಪುಣೆಯ ಚಲನಚಿತ್ರ ಸಂಸ್ಥೆಯ ಧ್ವನಿ ವಿಭಾಗವು ಪ್ರಸಿದ್ಧವಾದುದು. 2009ರಲ್ಲಿ ಆಸ್ಕರ್ ಪಡೆದ ಕೇರಳದ ರಸೂಲ್ ಪೂಕುಟ್ಟಿ ಅಲ್ಲಿಯೇ ಕಲಿತವರು; ಆದರೆ ಅಲ್ಲಿಗೆ ಪದವಿ ಮುಗಿದಿರಬೇಕು. ಚೆನ್ನೈಯಲ್ಲಿ ಎ.ಆರ್. ರಹ್ಮಾನ್ 2008ರಲ್ಲಿ ತೆರೆದ ಸಂಗೀತ ಶಾಲೆಯಿದೆ. ಹೊರದೇಶಗಳಲ್ಲಿ ಇದು ಹಳೆಯ ವಿದ್ಯೆ: ಜರ್ಮನಿಯ ಡೆಟ್‌ಮೋಲ್ಡ್‌ನಲ್ಲಿ 1949ರಿಂದ, ಇಂಗ್ಲೆಂಡಿನ ಸರ್‍ರೆ ವಿಶ್ವವಿದ್ಯಾನಿಲಯದಲ್ಲಿ 1970ರಿಂದ ಇದನ್ನು ಕಲಿಸುತ್ತಿದ್ದಾರೆ. ಕೊನೆಗೆ ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾನಿಲಯದಲ್ಲಿ ಅವನಿಗೆ ಸ್ಥಳ ದೊರೆಯಿತು. ಬ್ಯಾಂಕಿನ ಸಾಲದ ಕಾಗದಗಳು ಸಿದ್ಧವಾಗಿದ್ದವು. ಬಡ್ಡಿಯ ಹಣದಲ್ಲಿ ಕಲಿಯಲಾರೆನೆಂದು ಅವನೇ ಅವನ್ನು ಹಿಂದಿರುಗಿಸಿದನು. ಅಡಿಕೆ ತೋಟದ ನಮ್ಮ ಪಾಲು ಹೀಗೆ ಹೋಯಿತು. ಸಂಗೀತ ಕಲಿಯಹೊರಟ ಹುಡುಗನು ಬಡ್ಡಿಗೆ ಅಂಜಿದ್ದನ್ನು ಮೊಹಲ್ಲಾದಲ್ಲಿ ಯಾರೂ ಆಡಿಕೊಳ್ಳಲಿಲ್ಲ; ತೋಟ ಮಾರಿದ್ದನ್ನು ಎಲ್ಲರೂ ಆಡಿಕೊಂಡರು.

ಉಸ್ತಾದರು ಕೊನೆಗೆ ಹೇಳಿದ್ದು ಇಷ್ಟು: ವಿದ್ಯೆ ಬೇರೆ, ಅದರ ಬಳಕೆ ಬೇರೆ, ಬಳಕೆಯ ಪ್ರತಿ ಹೆಜ್ಜೆಯಲ್ಲೂ ಅವನು ಕೇಳಿ ನಡೆಯಲಿ. ಇದು ಅನುಮತಿಯೋ ಎಚ್ಚರಿಕೆಯೋ ನಮಗೆ ಇಂದಿಗೂ ಸ್ಪಷ್ಟವಿಲ್ಲ.

ಅವನು ಹೋದ ಮೇಲೆ ನಮ್ಮ ಕಲಿಕೆಯೂ ಶುರುವಾಯಿತು. ವಾರಕ್ಕೊಮ್ಮೆ ಫೋನಿನಲ್ಲಿ ಪಾಠ. ಕಿವಿಯನ್ನು ಪಳಗಿಸುವ ಒಂದು ತರಗತಿಯಿದೆಯಂತೆ. ಹಾಡಿನ ಯಾವ ಕಂಪನಾಂಕವನ್ನು ಏರಿಸಿದ್ದಾರೆ, ಯಾವುದನ್ನು ಇಳಿಸಿದ್ದಾರೆ ಎಂದು ಬರೀ ಕೇಳಿ ಹೇಳಬೇಕು. ಒಂದು ರಾತ್ರಿ ಮಾತಿನ ಮಧ್ಯೆ ತಡೆದು, "ಉಪ್ಪಾ, ನಮ್ಮ ಫ್ರಿಜ್ ಹಾಳಾಗುತ್ತಿದೆ, ಗುಂಯ್‌ಗುಡುವುದು ಇಲ್ಲಿಗೇ ಕೇಳುತ್ತದೆ" ಎಂದನು. ಮೂರು ವಾರಗಳಲ್ಲಿ ಅದು ನಿಂತುಹೋಯಿತು.

ಮೊದಲ ವರ್ಷದ ಪ್ರಬಂಧಕ್ಕೆ ಅವನು ಆರಿಸಿಕೊಂಡ ನಗರ ಕೈರೋ. ಅಲ್ಲಿ 1944ರಲ್ಲಿ ಹಲೀಮ್ ಅಲ್-ದಬ್ ಎಂಬ ಯುವಕನು ರೇಡಿಯೋ ನಿಲಯದಿಂದ ಒಂದು ತಂತಿಯ ಧ್ವನಿಮುದ್ರಣ ಯಂತ್ರವನ್ನು ಎರವಲು ಪಡೆದು, ಝಾರ್ ಎಂಬ ಆಚರಣೆಯ ಹಾಡುಗಳನ್ನು ಮುದ್ರಿಸಿ, ಪ್ರತಿಧ್ವನಿಯ ಕೋಣೆಯಲ್ಲಿ ಮತ್ತೆ ನುಡಿಸಿ, ರೂಪ ಬದಲಿಸಿ ಹೊಸತೊಂದು ಕೃತಿಯನ್ನು ಮಾಡಿದನು. ಝಾರ್ ನಮ್ಮ ವಿದ್ವಾಂಸರು ಒಪ್ಪದ ಆಚರಣೆ, ಹಲೀಮ್ ಕ್ರೈಸ್ತನು. ಪ್ಯಾರಿಸಿನಲ್ಲಿ ಪಿಯರ್ ಶೆಫರ್ ಇಂಥದೇ ಕೆಲಸದಿಂದ ಹೆಸರಾದದ್ದು 1948ರಲ್ಲಿ, ನಾಲ್ಕು ವರ್ಷಗಳ ನಂತರ. ಅದೇ ಕೈರೋದಲ್ಲಿ ಲಬೀಬ್ ಅಸ್ಸಈದ್ ಎಂಬವರ ಪ್ರಯತ್ನದಿಂದ ಶೈಖ್ ಮಹ್ಮೂದ್ ಖಲೀಲ್ ಅಲ್-ಹುಸರಿಯವರ ಕಂಠದಲ್ಲಿ ಸಂಪೂರ್ಣ ಕುರ್‌ಆನ್ ಮೊದಲ ಬಾರಿಗೆ ಧ್ವನಿಮುದ್ರಣಗೊಂಡಿತು. ಅದು ಪೂರ್ಣಗೊಂಡದ್ದು 1961ರ ಸುಮಾರಿಗೆ. ಹುಸರಿಯವರ ತಿಲಾವತ್ ಕೇಳಿಯೇ ನಮ್ಮ ಮಗನು ತಜ್ವೀದ್ ತಿದ್ದಿಕೊಂಡದ್ದು. ಆ ಧ್ವನಿಯ ಎದುರು ಒಂದು ಮೈಕ್ರೋಫೋನ್ ಇತ್ತು, ಮೈಕ್ರೋಫೋನಿನ ಆಚೆ ಗಾಜಿನ ಹಿಂದೆ ಒಬ್ಬ ಮನುಷ್ಯನಿದ್ದನು ಎಂಬುದನ್ನು ನಾವು ಎಂದೂ ಯೋಚಿಸಿರಲಿಲ್ಲ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಸಹೋದರರು ತಾನಾಗಿಯೇ ನುಡಿಯುವ ಕೊಳಲಿನ ಯಂತ್ರವನ್ನು ವಿವರಿಸಿದ್ದಾರೆಂದೂ ಅವನು ಬರೆದನು. ಅದನ್ನು ಓದಿ ನಮಗೆ ಹೆಮ್ಮೆಯಾಯಿತು. ಆದರೆ ಹೆಮ್ಮೆಯು ಫತ್ವಾ ಅಲ್ಲ ಎಂದು ಉಸ್ತಾದರು ನಕ್ಕರು.

ಕಷ್ಟಗಳನ್ನು ಅವನು ಮುಚ್ಚಿಡಲಿಲ್ಲ. ಹಾಡು ಮುದ್ರಿಸುವ ಕೋಣೆ ಶಬ್ದ ಹೊರಹೋಗದ, ಗಟ್ಟಿ ಬಾಗಿಲಿನ ಸಣ್ಣ ಕೋಣೆ. ಸಹಪಾಠಿ ಹುಡುಗಿಯೊಬ್ಬಳೊಂದಿಗೆ ರಾತ್ರಿ ಅಲ್ಲಿ ಒಬ್ಬನೇ ಕೆಲಸ ಮಾಡಬೇಕಾಗಿ ಬಂದಾಗ ಮೂರನೆಯವನೊಬ್ಬನನ್ನು ಸೇರಿಸಿಕೊಂಡನು. ಶಿಕ್ಷಕರು ಕಾರಣ ಕೇಳಿ ಸುಮ್ಮನೆ ಒಪ್ಪಿದರಂತೆ. ಶನಿವಾರದ ರಾತ್ರಿ ಮದ್ಯದಂಗಡಿಯ ಸಂಗೀತ ಕೂಟಗಳಲ್ಲಿ ಧ್ವನಿ ನಿರ್ವಹಿಸುವ ಕೆಲಸ ಸಿಕ್ಕಿತು, ಬಿಟ್ಟನು. ಹಣದ ಅಗತ್ಯವಿತ್ತು ಎಂಬುದು ನಮಗೆ ಗೊತ್ತು. ಆದರೆ ಒಂದು ತಂಡದ ಹಾಡುಗಳನ್ನು ಹದಗೊಳಿಸಿ ಕೊಟ್ಟಿದ್ದೇನೆಂದೂ, ಅವುಗಳಲ್ಲಿ ಗಿಟಾರ್ ಇತ್ತೆಂದೂ ಹೇಳಿದನು. ನಾವು ಬಹಳ ಹೊತ್ತು ಮಾತನಾಡಲಿಲ್ಲ. ಸುಳ್ಳು ಹೇಳದ ಮಗನನ್ನು ಬೈಯುವುದು ಎಷ್ಟು ಕಷ್ಟವೆಂಬುದು ಹೆತ್ತವರಿಗೆ ಮಾತ್ರ ಗೊತ್ತು.

ಎರಡನೆಯ ವರ್ಷ ಮುಗಿಸಿ ರಜೆಗೆ ಬಂದಾಗ ಜುಮಾಕ್ಕೆ ನಮ್ಮ ಹೊಸ ಮಸೀದಿಗೆ ಹೋದನು. ಎತ್ತರದ ಗುಮ್ಮಟ, ಅಮೃತಶಿಲೆಯ ನೆಲ, ಗಾಜಿನ ಕಿಟಕಿಗಳು. ಊರೇ ಹೆಮ್ಮೆಪಡುವ ಕಟ್ಟಡ. ಖುತ್ಬಾದ ಒಂದು ಪದವೂ ಹಿಂದಿನ ಸಾಲಿನವರಿಗೆ ತಿಳಿಯುವುದಿಲ್ಲ. ಕಮಿಟಿಯವರು ಪ್ರತಿ ವರ್ಷ ಇನ್ನೂ ದೊಡ್ಡ ಸ್ಪೀಕರ್ ತರಿಸುತ್ತಾರೆ. ಅಸರ್ ನಂತರ ಖಾಲಿ ಮಸೀದಿಯ ನಡುವೆ ನಿಂತು ಅವನು ಒಂದು ಚಪ್ಪಾಳೆ ಹೊಡೆದನು. ಮುಕ್ರಿ ಗಾಬರಿಯಿಂದ ಓಡಿಬಂದರು. ಆ ಶಬ್ದ ಸಾಯಲು ಮೂರೂವರೆ ಸೆಕೆಂಡ್ ಹಿಡಿಯುತ್ತದೆ, ಮಾತು ಸ್ಪಷ್ಟವಾಗಬೇಕಾದರೆ ಒಂದರ ಆಸುಪಾಸಿನಲ್ಲಿರಬೇಕು ಎಂದು ವಿವರಿಸಿದನು. ಮೊದಲ ಪದ ಗುಮ್ಮಟದಲ್ಲಿ ಸುತ್ತುತ್ತಿರುವಾಗಲೇ ಐದನೆಯ ಪದ ಬಂದು ಅದರ ಮೇಲೆ ಬೀಳುತ್ತದೆ. ಸ್ಪೀಕರ್ ದೊಡ್ಡದಾದಷ್ಟೂ ಗೊಂದಲವೂ ದೊಡ್ಡದಾಗುತ್ತದೆ.

ಈ ಲೆಕ್ಕವನ್ನು ಮೊದಲು ಹಾಕಿದವರು ಅಮೆರಿಕದ ಹಾರ್ವರ್ಡ್‌ನ ವಾಲೆಸ್ ಸಬೀನ್. 1895ರಲ್ಲಿ ಒಂದು ಹೊಸ ಉಪನ್ಯಾಸ ಕೊಠಡಿಯಲ್ಲಿ ಯಾರ ಮಾತೂ ಅರ್ಥವಾಗದೆ ಹೋದಾಗ ಅವರನ್ನು ಕರೆದರಂತೆ. ಅವರು ರಾತ್ರಿಗಳಲ್ಲಿ ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಪ್ರತಿ ಬಾರಿ ಶಬ್ದ ಎಷ್ಟು ಹೊತ್ತು ಉಳಿಯುತ್ತದೆಂದು ಅಳೆದು, ಬೆಳಗಾಗುವ ಮೊದಲು ಮರಳಿ ಒಯ್ದಿಡುತ್ತಿದ್ದರು. ಕೋಣೆ ದೊಡ್ಡದಾದಷ್ಟೂ ನಾದ ಹೆಚ್ಚು ಹೊತ್ತು ಉಳಿಯುತ್ತದೆ. ಮೆತ್ತೆ, ಬಟ್ಟೆ, ಮನುಷ್ಯರ ದೇಹ ಅದನ್ನು ಹೀರುತ್ತವೆ. ಸುಬಹಿಗೆ ಐದೇ ಜನರಿರುವಾಗ ಇಮಾಮರ ಧ್ವನಿ ಮೊಳಗುವುದಕ್ಕೂ ಜುಮಾದಲ್ಲಿ ಸಫ್‌ಗಳು ತುಂಬಿದಾಗ ಕಟ್ಟಡ ತುಸು ಮೌನವಾಗುವುದಕ್ಕೂ ಇದೇ ಕಾರಣವಂತೆ.

ಕಮಿಟಿಯ ಸಭೆಯಲ್ಲಿ ಹಿರಿಯರೊಬ್ಬರು, ಮ್ಯೂಸಿಕ್ ಕಲಿಯುವ ಹುಡುಗನ ಕೈಗೆ ಅಲ್ಲಾಹನ ಮನೆಯ ಮೈಕ್ ಕೊಡುವುದೇ ಎಂದು ಕೇಳಿದರು. ಉತ್ತರಿಸಲು ನಾವು ಬಾಯಿ ತೆರೆಯುವ ಮೊದಲೇ ಉಸ್ತಾದರು, "ಖುತ್ಬಾ ನನ್ನದು, ಕೇಳಿಸಬೇಕಾದ ಹೊಣೆಯೂ ನನ್ನದು" ಎಂದರು. ದಪ್ಪ ಕಾರ್ಪೆಟ್ ಬಂತು. ಗುಮ್ಮಟದ ಕೆಳಗಿನ ಎರಡು ದೊಡ್ಡ ಸ್ಪೀಕರುಗಳು ಇಳಿದು, ಕಂಬಗಳಲ್ಲಿ ಜನರ ಕಿವಿಗೆ ಹತ್ತಿರವಾಗಿ ಎಂಟು ಸಣ್ಣವು ಏರಿದವು. ಶಬ್ದಕ್ಕೆ ಹತ್ತು ಮೀಟರ್ ಸಾಗಲು ಸೆಕೆಂಡಿನ ನೂರರಲ್ಲಿ ಮೂರು ಪಾಲು ಬೇಕು. ಆ ಲೆಕ್ಕದಲ್ಲಿ ಹಿಂದಿನ ಸ್ಪೀಕರುಗಳನ್ನು ಅಷ್ಟಷ್ಟೇ ತಡಮಾಡಿಸಿದನು. ಮೊದಲ ಜುಮಾದಂದು ಅದೇ ಹಿರಿಯರು, ಖತೀಬರು ಈ ದಿನ ಧ್ವನಿಯನ್ನು ಬಹಳ ತಗ್ಗಿಸಿದರೆಂದು ದೂರಿದರು. ಖುತ್ಬಾದಲ್ಲಿ ಏನು ಹೇಳಿದರೆಂದು ಕೇಳಿದಾಗ ಮೊದಲಿನಿಂದ ಕೊನೆಯವರೆಗೆ ಹೇಳಿದರು.

ಈಗ ಅವನದು ಕೊನೆಯ ವರ್ಷ. ಗುಮ್ಮಟಗಳ ಕೆಳಗೆ ಮಾತಿನ ಸ್ಪಷ್ಟತೆಯೆಂಬುದು ಅವನ ಅಧ್ಯಯನದ ವಿಷಯ. ಆದರೆ ಲಂಡನ್ನಿನ ಒಂದು ಸ್ಟುಡಿಯೋಗೂ ಅರ್ಜಿ ಹಾಕಿದ್ದಾನೆ, ಅಲ್ಲಿ ಹಾಡುಗಳೇ ಕೆಲಸ. ಉಸ್ತಾದರಿಗೆ ತಾನೇ ಫೋನ್ ಮಾಡಿ ಕೇಳಿದನಂತೆ. ಅವರು ಏನು ಹೇಳಿದರೆಂದು ಇಬ್ಬರೂ ನಮಗೆ ತಿಳಿಸಿಲ್ಲ.

ಕಳೆದ ಶುಕ್ರವಾರ ಜುಮಾಕ್ಕೆ ಮೊದಲು ಮೈಕ್ ಕಿರಿಚತೊಡಗಿತು. ಯಾರೋ ಹುಡುಗರು ಗುಂಡಿಗಳನ್ನು ತಿರುಗಿಸಿದ್ದರು. ಮುಕ್ರಿ ನಮ್ಮ ಫೋನಿನಿಂದಲೇ ಅವನಿಗೆ ಕರೆ ಮಾಡಿ, ಫೋನನ್ನು ಸ್ಪೀಕರಿನ ಕಡೆಗೆ ಹಿಡಿದರು. ಅಲ್ಲಿ ಬೆಳಗಿನ ಜಾವ. ಅವನು ಎರಡು ಕ್ಷಣ ಕೇಳಿ, "ಎರಡೂವರೆ ಸಾವಿರ. ಬಲಗಡೆಯಿಂದ ಹತ್ತನೆಯ ಗುಂಡಿಯನ್ನು ಸ್ವಲ್ಪ ಕೆಳಗೆ ಎಳೆಯಿರಿ, ಸ್ವಲ್ಪವೇ" ಎಂದನು. ಕಿರಿಚಾಟ ನಿಂತಿತು. ಹಗಲಲ್ಲಿ ಸ್ಟುಡಿಯೋ ಸಿಗದೆ ರಾತ್ರಿಯಿಡೀ ಅಲ್ಲಿಯೇ ಇದ್ದನಂತೆ. ಏನನ್ನು ಮುದ್ರಿಸುತ್ತಿದ್ದನೆಂದು ನಾವು ಕೇಳಲಿಲ್ಲ. ಸುಬಹಿ ನಮಾಝ್ ಆಯಿತೇ ಎಂದು ಮಾತ್ರ ಕೇಳಿದೆವು. ಆಯಿತು ಉಮ್ಮಾ ಎಂದನು.